ಟ್ಯೂಬಿನ ಮೇಲಿನ ಹೆಸರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಾಹಿರಾಳ ಬದುಕಿನಲ್ಲಿ ಆದ ಒಂದು ಅನರ್ಥದಲ್ಲಿ ಅರ್ಧ ಪಾಲು ನನ್ನ ಈ ಕೋಪದ್ದೇ. ಹಲಸೂರು ಮೆಟ್ರೋ ಸ್ಟೇಷನ್ನಿನಿಂದ ಕೆರೆಯ ಕಡೆ ನಡೆದರೆ ಎಡಕ್ಕೊಂದು ಔಷಧದ ಅಂಗಡಿ ಸಿಗುತ್ತದೆ. ಅದರ ಮೇಲಿನ ಮಹಡಿಯಲ್ಲಿ ನಮ್ಮ ಲ್ಯಾಬ್. ಇಪ್ಪತ್ತಾರು ವರ್ಷದಿಂದ ಅಲ್ಲಿ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ. ಈಗ ಹನ್ನೊಂದು ವರ್ಷದಿಂದ ಇನ್‌ಚಾರ್ಜ್. ಗದಗ ಜಿಲ್ಲೆಯ ರೋಣದ ಕಡೆಯವಳು. ಹೆಸರು ಪ್ರೇಮಾ ಎಂದಿದ್ದರೂ ಇಲ್ಲಿ ಎಲ್ಲರಿಗೂ ಪ್ರೇಮಕ್ಕ.

ನನ್ನ ಲ್ಯಾಬಿನಲ್ಲಿ ಒಂದೇ ಒಂದು ಕಾನೂನು. ಟ್ಯೂಬಿನ ಮೇಲೆ ಹೆಸರು ತಪ್ಪು ಬರೆದವರು ಅವತ್ತೇ ಮನೆಗೆ. ಬಹಳ ವರ್ಷದ ಹಿಂದೆ ಒಂದೇ ಬೆಳಗ್ಗೆ ಇಬ್ಬರು ಲಕ್ಷ್ಮಮ್ಮಂದಿರು ಬಂದಿದ್ದರು. ಒಬ್ಬರ ಸಕ್ಕರೆ ಇನ್ನೊಬ್ಬರ ರಿಪೋರ್ಟಿಗೆ ಹೋಗಿ, ಕಾಯಿಲೆಯೇ ಇಲ್ಲದ ಮುದುಕಿ ಮಾತ್ರೆ ನುಂಗಿ ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದರು. ಅಂದಿನಿಂದ ಹೊಸಬರಿಗೆ ನಾನು ಮೊದಲು ಕಲಿಸುವುದು ಸೂಜಿ ಹಿಡಿಯುವುದನ್ನಲ್ಲ, ‘ನಿಮ್ಮ ಹೆಸರು ಹೇಳಿ’ ಎನ್ನುವುದನ್ನು. ನಾವು ಹೆಸರು ಹೇಳಿ ಅವರು ತಲೆಯಾಡಿಸುವುದಲ್ಲ, ಅವರ ಬಾಯಿಂದಲೇ ಬರಬೇಕು. ರಕ್ತ ತೆಗೆದ ಮೇಲೆ ಅವರ ಎದುರಿಗೇ ಟ್ಯೂಬಿನ ಮೇಲೆ ಬರೆಯಬೇಕು. ನಮ್ಮದು ಸಣ್ಣ ಲ್ಯಾಬ್, ಇವತ್ತಿಗೂ ಕೈಯಲ್ಲೇ ಬರೆಯುತ್ತೇವೆ. ಈ ಕಾನೂನಿನಲ್ಲಿ ಇಬ್ಬರನ್ನು ಮನೆಗೆ ಕಳಿಸಿದ್ದೇನೆ. ಅವರಲ್ಲಿ ಒಬ್ಬಳು ನನ್ನ ಸ್ವಂತ ತಂಗಿಯ ಮಗಳು. ತಂಗಿ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದಳು, ಬಿಡಲಿ.

ಮಾಹಿರಾ ನಮ್ಮಲ್ಲಿಗೆ ಬಂದದ್ದು ಹೋದ ವರ್ಷದ ಜೂನ್‌ನಲ್ಲಿ, ರಕ್ತ ತೆಗೆಯುವ ಕೆಲಸಕ್ಕೆ. ನಮ್ಮ ಲ್ಯಾಬಿನ ಒಡತಿ ಡಾಕ್ಟರ್ ಶ್ವೇತ, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರು ನನ್ನನ್ನು ಕರೆದು, ಒಬ್ಬ ಟ್ರಾನ್ಸ್ ಮಹಿಳೆ ಅರ್ಜಿ ಹಾಕಿದ್ದಾರೆ, ತರಬೇತಿ ಮುಗಿಸಿದ್ದಾರೆ, ಆರು ತಿಂಗಳು ನೋಡೋಣ ಎಂದರು. ನಾನು ಬೇಡ ಎಂದೆ. ಪೇಷಂಟುಗಳು ಕೈ ಕೊಡುತ್ತಾರೋ ಇಲ್ಲವೋ, ಬಂದವರು ಮೆಟ್ಟಿಲಲ್ಲೇ ತಿರುಗಿ ಹೋದರೆ ಯಾರು ಹೊಣೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಪೇಷಂಟುಗಳ ಹೆಸರು ಹೇಳಿದೆನೇ ಹೊರತು ಅಳುಕು ಇದ್ದದ್ದು ನನಗೇ. ಸಿಗ್ನಲ್ಲಿನಲ್ಲಿ ಆಟೋದ ಒಳಗೆ ಕೈ ಚಾಚಿದವರನ್ನು ಬಿಟ್ಟರೆ ಅಂಥವರನ್ನು ನಾನು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಮೊದಲ ವಾರವೇ ನನ್ನ ಬಾಯಿ ಮುಚ್ಚಿಸಿದಳು. ಕೇಂಬ್ರಿಡ್ಜ್ ಲೇಔಟಿನಿಂದ ಒಬ್ಬ ಅಜ್ಜಿ ಬರುತ್ತಿದ್ದರು, ಕೈಯಲ್ಲಿ ನರವೇ ಸಿಗುತ್ತಿರಲಿಲ್ಲ. ನಾನು ಮೂರು ಸಲ ಚುಚ್ಚಿ ಸೋತು ಅಜ್ಜಿಯ ಕಣ್ಣಲ್ಲಿ ನೀರು ಬರಿಸಿದ್ದೆ. ಮಾಹಿರಾ ಹೋಗಿ, ಮನೆಯಿಂದ ತಂದ ಫ್ಲಾಸ್ಕಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಅಜ್ಜಿಯ ಮೊಣಕೈಗೆ ಸುತ್ತಿದಳು. ಊರಿನ ಸುದ್ದಿ ಕೇಳುತ್ತಾ ಐದು ನಿಮಿಷ ಕೂತಳು. ಆಮೇಲೆ ಬಟ್ಟೆ ತೆಗೆದು ಒಂದೇ ಸಲಕ್ಕೆ ರಕ್ತ ತೆಗೆದಳು. ಎಲ್ಲಿ ಕಲಿತೆ ಎಂದು ಕೇಳಿದೆ. ಹಮಾಮಿನಲ್ಲಿ ಎಂದಳು.

ಅವಳ ಕತೆ ನನಗೆ ತಿಳಿದದ್ದು ಹೀಗೆ, ಮಧ್ಯಾಹ್ನದ ಊಟದ ಡಬ್ಬಿಯ ಎದುರು, ಚೂರು ಚೂರಾಗಿ. ಹುಟ್ಟಿದ್ದು ಶಿವಾಜಿನಗರದಲ್ಲಿ. ತಂದೆ ಖಾದರ್ ಅವರದು ಗುಂಡಿ, ಲೇಸು, ಝಿಪ್ ಮಾರುವ ಅಂಗಡಿ. ಮನೆಯಲ್ಲಿ ದಖ್ನಿ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಮೂರು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಒಬ್ಬನೇ ಗಂಡು ಎಂದು ಓಣಿಗೆಲ್ಲ ಸಿಹಿ ಹಂಚಿದ್ದರಂತೆ. ಪಿಯುಸಿ ಸೈನ್ಸ್‌ನಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಆದರೆ ತಾನು ಗಂಡಲ್ಲ ಎಂದು ಮನೆಯಲ್ಲಿ ಹೇಳಿದ ದಿನ ತಂದೆ ಮಗ್ಗುಲಿಗೆ ತಿರುಗಿ ಮಲಗಿದವರು ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಇವಳೇ ಹೊರಟು ಹಲಸೂರಿಗೆ ಬಂದಳು, ಮುನಿವೆಂಕಟಮ್ಮ ಎಂಬುವವರ ಹಮಾಮಿಗೆ.

ಹಮಾಮ್ ಎಂದರೆ ದುಡ್ಡು ಕೊಟ್ಟು ಬಿಸಿನೀರಿನ ಸ್ನಾನ ಮಾಡುವ ಜಾಗ. ಮುನಿವೆಂಕಟಮ್ಮ ಮತ್ತು ಅವರ ಆಶ್ರಯಕ್ಕೆ ಬಂದ ಟ್ರಾನ್ಸ್ ಹೆಣ್ಣುಮಕ್ಕಳು ಅದನ್ನು ನಡೆಸುತ್ತಿದ್ದರು. ಅವರಲ್ಲಿ ಹಿರಿಯರನ್ನು ಗುರು ಎನ್ನುತ್ತಾರೆ, ಆದರೆ ಮಾಹಿರಾ ಕರೆಯುತ್ತಿದ್ದದ್ದು ಅಮ್ಮ ಎಂದೇ. ಅಲ್ಲಿಗೆ ಬಂದವರಿಗೆ ಗುರು ಹೊಸ ಹೆಸರಿಡುತ್ತಾರೆ. ಹಳೆಯ ಹೆಸರನ್ನು ಆಮೇಲೆ ಯಾರೂ ಎತ್ತುವಂತಿಲ್ಲ. ಸಿಟ್ಟಿನಲ್ಲಿ ಎತ್ತಿದರೂ ಎಲ್ಲರ ಎದುರು ದಂಡ ಕಟ್ಟಬೇಕು. ಗುರುವಿನ ಹಳೆಯ ಹೆಸರನ್ನಂತೂ ಕೇಳುವುದೇ ಮಹಾಪರಾಧ. ಮಾಹಿರಾ ಎಂದು ಹೆಸರಿಟ್ಟದ್ದು ಮುನಿವೆಂಕಟಮ್ಮನೇ. ಓದು ಬಾರದ ಹೆಂಗಸು, ಯಾರನ್ನೋ ಕೇಳಿ ಅರ್ಥ ತಿಳಿದು, ‘ಕೈಗುಣ ಇರೋಳು ಅಂತ ಅರ್ಥವಂತೆ, ಇರಲಿ’ ಎಂದು ಇಟ್ಟರಂತೆ.

ಹತ್ತು ವರ್ಷ ಒಲೆಗೆ ಸೌದೆ ಹಾಕಿದಳು, ನೀರು ಹೊತ್ತಳು. ಹಮಾಮ್ ಮುಚ್ಚಿದ ಮೇಲೆ ಸಿಗ್ನಲ್ಲಿನಲ್ಲೂ ನಿಂತಳು. ಅದನ್ನು ಅವಳು ಮುಚ್ಚಿಡುವುದಿಲ್ಲ. ಯಾರೋ ಒಂದು ಸಂಸ್ಥೆಯವರು ರಕ್ತ ತೆಗೆಯುವ ತರಬೇತಿ ಕೊಡುತ್ತಾರೆ ಎಂದು ಗೊತ್ತಾದಾಗ ಅವಳಿಗೆ ಇಪ್ಪತ್ತೊಂಬತ್ತು. ತರಗತಿಗೇ ಮೊದಲಿಗಳಾಗಿ ಪಾಸಾದಳು. ಆಮೇಲೆ ಒಂಬತ್ತು ಕಡೆ ಅರ್ಜಿ. ಒಂದು ಕಡೆ ಯೂನಿಫಾರ್ಮ್ ಗಂಡಸರದೋ ಹೆಂಗಸರದೋ ಎಂಬ ಚರ್ಚೆಯಲ್ಲೇ ಇಂಟರ್‌ವ್ಯೂ ಮುಗಿಯಿತಂತೆ. ಹತ್ತನೆಯದು ನಮ್ಮದು. ಅವಳ ಹಿಂದೆ ಅದೇ ತರಬೇತಿ ಮುಗಿಸಿದ ಇನ್ನೂ ನಾಲ್ವರು ಕೂತಿದ್ದರು, ಮಾಹಿರಾಳ ಆರು ತಿಂಗಳು ಏನಾಗುತ್ತದೋ ನೋಡಿಕೊಂಡು. ಡಿಸೆಂಬರ್ ಹತ್ತಕ್ಕೆ ಆರು ತಿಂಗಳು ತುಂಬುತ್ತಿತ್ತು. ಕೆಲಸ ಕಾಯಂ ಆದರೆ ಅವರನ್ನೂ ಕರೆಯುತ್ತೇನೆ ಎಂದು ಡಾಕ್ಟರ್ ಶ್ವೇತ ಮಾತು ಕೊಟ್ಟಿದ್ದರು.

ಈ ನಡುವೆ ಮುನಿವೆಂಕಟಮ್ಮನಿಗೆ ಮೂತ್ರ ಕಟ್ಟಲು ಶುರುವಾಯಿತು. ಅರವತ್ತಾರು ವಯಸ್ಸು. ಆಧಾರ್ ಕಾರ್ಡಿನಲ್ಲಿ ಹೆಣ್ಣು ಎಂದಿದೆ. ಅದಕ್ಕಾಗಿ ಎಷ್ಟು ಕಚೇರಿಯ ಮೆಟ್ಟಿಲು ಹತ್ತಿದ್ದರೋ ಅವರಿಗೇ ಗೊತ್ತು. ಆಸ್ಪತ್ರೆಯಲ್ಲಿ ಹೆಂಗಸರ ಸಾಲಿನಲ್ಲಿ ನಿಂತರೆ, ಇದು ನಮ್ಮ ಕೇಸಲ್ಲ ಎಂದು ಗಂಡಸರ ಕಡೆ ಕಳಿಸಿದರು. ಗಂಡಸರ ಸಾಲಿನಲ್ಲಿ ನಿಂತರೆ ಕಾವಲಿನವನು ಸೀರೆ ನೋಡಿ ಈಚೆ ಎಳೆದ. ಎರಡು ತಿಂಗಳು ಹೀಗೇ. ಕೊನೆಗೆ ಒಬ್ಬ ಪುಣ್ಯಾತ್ಮ ಡಾಕ್ಟರು ಕೂರಿಸಿ ಪರೀಕ್ಷೆ ಮಾಡಿ, ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆ ಹೊರಗೆ ಮಾಡಿಸಿಕೊಂಡು ಶುಕ್ರವಾರ ಬನ್ನಿ ಎಂದು ಬರೆದುಕೊಟ್ಟರು. ಗಂಡಾಗಿ ಹುಟ್ಟಿದವರಿಗೆ ಮೂತ್ರಚೀಲದ ಕೆಳಗೆ ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ ಇರುತ್ತದೆ. ಸೀರೆ ಉಟ್ಟರೂ, ಕಾರ್ಡು ಬದಲಾದರೂ, ಆಪರೇಷನ್ ಆದರೂ ಅದು ಒಳಗೇ ಇರುತ್ತದೆ. ಅದರಲ್ಲಿ ಕೆಟ್ಟದ್ದು ಬೆಳೆದಿದೆಯೋ ಎಂದು ತಿಳಿಸುವ ಪರೀಕ್ಷೆ ಅದು.

ನಮ್ಮ ಲ್ಯಾಬಿನಲ್ಲಿ ಅದನ್ನು ದಿನಕ್ಕೆ ಹತ್ತು ಮಾಡುತ್ತೇವೆ. ಆದರೆ ಕಂಪ್ಯೂಟರಿನಲ್ಲಿ ಹೆಣ್ಣು ಎಂದು ನಮೂದಿಸಿದ ಕೂಡಲೇ ಆ ಪರೀಕ್ಷೆಯ ಹೆಸರು ಮಸುಕಾಗಿ ಹೋಗುತ್ತಿತ್ತು, ಒತ್ತಿದರೂ ಒತ್ತಿಕೊಳ್ಳುತ್ತಿರಲಿಲ್ಲ. ‘ಇತರೆ’ ಎಂಬ ಮೂರನೆಯ ಖಾನೆಯೂ ಇತ್ತು, ಹೆಸರಿಗೆ. ಅದನ್ನು ಒತ್ತಿದರೆ ಯಾವ ಅಳತೆಗೆ ಹೋಲಿಸಬೇಕೆಂದು ತಿಳಿಯದೆ ರಿಪೋರ್ಟೇ ಪ್ರಿಂಟ್ ಆಗುತ್ತಿರಲಿಲ್ಲ. ಸರ್ಕಾರ ಕಾರ್ಡು ಕೊಟ್ಟಿತು, ಕಂಪ್ಯೂಟರ್ ಒಪ್ಪಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನೆ ಹೇಳಿದ್ದಾರೆಯೇ?

ಮಂಗಳವಾರ ಬೆಳಗ್ಗೆ ಮಾಹಿರಾ ನನ್ನನ್ನು ಕೇಳಲು ಬಂದಳು. ನೆನಪಿಡಿ, ಕೇಳಲು ಬಂದಿದ್ದಳು. ನಾನು ಕೈಕೊಟ್ಟ ಮೆಷಿನ್ನಿನ ಮುಂದೆ ಕೂತು ಕಂಪನಿಯವರ ಮೇಲೆ ಫೋನಿನಲ್ಲಿ ಹರಿಹಾಯುತ್ತಿದ್ದೆ. ಅವಳು ಎರಡು ಮಾತು ಆಡುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು. ಕಂಪ್ಯೂಟರ್ ತಗೊಳ್ಳದಿದ್ದರೆ ನಾನೇನು ಮಾಡಲಿ, ಅವರ ಹಳೆಯ ಕಾರ್ಡ್ ತರಿಸಿ ಗಂಡು ಅಂತ ಹಾಕು, ಹೋಗು ಎಂದುಬಿಟ್ಟೆ. ಆಮೇಲೆ ಅದು ನನಗೆ ನೆನಪೂ ಇರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಮುನಿವೆಂಕಟಮ್ಮ ಲ್ಯಾಬಿನ ಮೆಟ್ಟಿಲು ಹತ್ತಿ ಬಂದರು. ಕಟ್ಟುಮಸ್ತಾದ ಆಳು, ಹಣೆಯ ತುಂಬ ಕುಂಕುಮ, ಆದರೆ ನೋವಿಗೆ ಸೊಂಟ ಬಗ್ಗಿಹೋಗಿತ್ತು. ಕೌಂಟರಿನ ದಿವ್ಯ ಕುರ್ಚಿ ಕೊಟ್ಟರೂ ಕೂರಲಿಲ್ಲ. ಕೈಯಲ್ಲಿದ್ದ ರಿಪೋರ್ಟನ್ನು ನನ್ನ ಮುಂದೆ ಇಟ್ಟರು. ಅದರ ಮೇಲೆ ಡಾಕ್ಟರು ಕೆಂಪು ಪೆನ್ನಿನಲ್ಲಿ, ಇದು ಈ ಪೇಷಂಟಿನ ರಿಪೋರ್ಟ್ ಅಲ್ಲ, ಸರಿಯಾದದ್ದನ್ನು ತನ್ನಿ ಎಂದು ಬರೆದಿದ್ದರು. ಪಾಪ, ಅವರದೇನೂ ತಪ್ಪಿಲ್ಲ.

“ನಂಗೆ ಓದಕ್ಕೆ ಬರಲ್ಲಮ್ಮ. ಅಲ್ಲಿ ಎಲ್ರ ಮುಂದೆ ಯಾರ್ದೋ ಹೆಸ್ರು ಕೂಗುದ್ರು. ಯಾರ ಹೆಸ್ರಿದೆ, ನೀವೇ ಓದಿ” ಎಂದರು.

ನಾನು ಓದಿದೆ. ಉಮೈರ್. ಅರವತ್ತಾರು ವರ್ಷ. ಗಂಡು. ಪಿ.ಎಸ್.ಎ. ಇರಬೇಕಾದದ್ದಕ್ಕಿಂತ ಐದು ಪಟ್ಟು ಹೆಚ್ಚು. ಕೆಳಗೆ ನಮ್ಮ ಡಾಕ್ಟರ ಸಹಿ. ನನ್ನ ಕಿವಿ ಬಿಸಿಯಾಯಿತು. ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ, ಅದೂ ನನ್ನ ಲ್ಯಾಬಿನಲ್ಲಿ! ರಿಜಿಸ್ಟರ್ ತೆಗೆದು ನೋಡಿದೆ. ಬುಧವಾರ ಬೆಳಗ್ಗೆ ಏಳೂಕಾಲು, ದಿವ್ಯ ಬರುವ ಮುಂಚೆ, ಬರೆದ ಕೈ ಮಾಹಿರಾಳದು. ಅವಳು ಆಗಲೇ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

“ಈ ಉಮೈರ್ ಯಾರವಾ?” ಎಂದು ಕೇಳಿದೆ. ಧ್ವನಿ ಎತ್ತರಿಸದೆ ಕೇಳಿದ್ದು ನನಗೇ ಆಶ್ಚರ್ಯ.

“ನಾನೇ ಪ್ರೇಮಕ್ಕ. ನನ್ನ ಹಳೇ ಹೆಸ್ರು” ಎಂದಳು ಮಾಹಿರಾ. “ಹಳೇ ಕಾರ್ಡ್ ತರಿಸು ಅಂದ್ರಿ. ಅಮ್ಮನ ಹಳೇ ಹೆಸ್ರು ಕೇಳೋ ಹಕ್ಕು ನಂಗಿಲ್ಲ. ಗಂಡಸಿನ ಹೆಸ್ರು ಒಂದು ಬೇಕಿತ್ತು. ನಂದಾದ್ರೆ ನಂದೇ ಅಲ್ವಾ ಅಂತ ಅದನ್ನೇ ಹಾಕ್ದೆ.”

ಮುನಿವೆಂಕಟಮ್ಮ ಈಗ ಕುರ್ಚಿಯಲ್ಲಿ ಕುಸಿದರು. “ಆ ಹೆಸರನ್ನ ನಮ್ಮ ಹೊಸ್ಲಲ್ಲೇ ಬಿಟ್ಟು ಬಾ ಅಂತ ಒಳಗೆ ಕರ್ಕೊಂಡೋಳು ನಾನು. ನನ್ನ ಸಲುವಾಗಿ ಎತ್ಕೊಂಡ್ಬಿಟ್ಟೆಯಲ್ಲೇ” ಎಂದರು. ಬೈಯಲೆಂದು ಬಂದವರು, ಬೈಯಲಾಗದೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಮೈಯೆಲ್ಲ ನಾಚಿಕೆ. ಹಳೆಯ ಕಾರ್ಡ್ ತರಿಸು ಎಂದ ನಾಲಿಗೆ ನನ್ನದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆದರೂ ಕಾನೂನು ಕಾನೂನೇ, ತಂಗಿಯ ಮಗಳಿಗೇ ಬಿಡದ್ದು. ಅಷ್ಟರಲ್ಲಿ ಮಾಹಿರಾಳೇ ಬಂದು ರಕ್ತ ತೆಗೆಯುವ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ನಿಮ್ಮ ರೂಲ್ ನಂಗೊತ್ತು. ತಪ್ಪು ಮಾಡಿದೀನಿ, ಮನೆಗೆ ಹೋಗ್ತೀನಿ. ಆದ್ರೆ ಅಮ್ಮನ ರಕ್ತ ಅಮ್ಮನ ಹೆಸರಲ್ಲೇ ಟೆಸ್ಟ್ ಆಗಿ ರಿಪೋರ್ಟ್ ಕೈಗೆ ಬರೋವರೆಗೂ ಇಲ್ಲಿಂದ ಏಳಲ್ಲ. ನಾಳೆ ಇನ್ನೊಬ್ರು ಬರ್ತಾರೆ ಪ್ರೇಮಕ್ಕ. ಅವರ್ಗೂ ಹಳೇ ಕಾರ್ಡ್ ತಾ ಅಂತೀರಾ?”

ಕಡ್ಡಿ ಮುರಿದಂತೆ ಹೇಳಿದಳು. ಕೆಲಸ ಉಳಿಸಿ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾನು ಬೈದು ಕಳಿಸಿಬಿಡುತ್ತಿದ್ದೆನೇನೋ.

ನಾನು ಕೈಗವಸು ಹಾಕಿಕೊಂಡು ಮುನಿವೆಂಕಟಮ್ಮನ ಎದುರು ಕೂತೆ. ಹೆಸರು ಕೇಳಿದೆ, ಹೇಳಿದರು. ಊದಿಕೊಂಡ ಕೈ, ನರ ಸಿಗಲಿಲ್ಲ. ಎರಡು ಸಲ ತಪ್ಪಿದೆ. ಮೂರನೆಯ ಸಲಕ್ಕೆ ಮೊದಲು ಪಕ್ಕದಿಂದ ಬಿಸಿ ಬಟ್ಟೆ ಬಂತು. ತಾನು ಟ್ಯೂಬ್ ಮುಟ್ಟುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು, ಬಟ್ಟೆ ಮಾತ್ರ ಸುತ್ತಿ ಹಿಂದೆ ಸರಿದಳು. ರಕ್ತ ಸಿಕ್ಕಿತು. ಟ್ಯೂಬಿನ ಮೇಲೆ ಹೆಸರು ಬರೆದು, ಕಂಪ್ಯೂಟರಿಗೆ ಕೊಡದೆ ನೇರ ಮೆಷಿನ್ನಿಗೆ ಇಟ್ಟೆ. ಮೆಷಿನ್ನಿಗೆ ಗಂಡು ಹೆಣ್ಣು ಏನು ಗೊತ್ತು, ಅದು ನೋಡುವುದು ರಕ್ತವನ್ನು. ನಾನು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಎಲ್ಲಿತ್ತು? ಕೈಯಲ್ಲೇ ಬರೆದು ಕೊಡುತ್ತಿದ್ದೆವು. ಫಲಿತಾಂಶ ಬಂದ ಮೇಲೆ ಲೆಟರ್‌ಹೆಡ್ ತೆಗೆದು ಅದೇ ಹಳೆಯ ದುಂಡು ಅಕ್ಷರದಲ್ಲಿ ಬರೆದೆ.

ಸಹಿಗೆಂದು ಡಾಕ್ಟರ್ ಶ್ವೇತ ಅವರನ್ನು ಕರೆಸಿದೆ. ಅವರು ಹಿಂಜರಿದರು. ಮುಂದಿನ ತಿಂಗಳು ಲ್ಯಾಬಿನ ತಪಾಸಣೆಗೆ ಬರುವವರಿದ್ದಾರೆ, ಕೈಬರಹದ ರಿಪೋರ್ಟ್ ಕಂಡರೆ ಪ್ರಶ್ನೆ ಕೇಳುತ್ತಾರೆ ಎಂದರು. ತಪ್ಪು ಹೆಸರಿನ ರಿಪೋರ್ಟಿಗೆ ಸಹಿ ಮಾಡುವಾಗ ಯಾರೂ ಪ್ರಶ್ನೆ ಕೇಳಲಿಲ್ಲವಲ್ಲ ಎಂದೆ. ಸ್ವಲ್ಪ ಖಾರವಾಗಿಯೇ ಹೇಳಿದೆ. ಅವರು ನನ್ನ ಮುಖ ನೋಡಿ, ಕುರ್ಚಿಯಲ್ಲಿದ್ದ ಮುನಿವೆಂಕಟಮ್ಮನನ್ನು ನೋಡಿ, ಪೆನ್ನು ತೆಗೆದುಕೊಂಡರು. ಎರಡು ಗಂಟೆಗೆ ಮೊದಲು ರಿಪೋರ್ಟ್ ಆಸ್ಪತ್ರೆ ಮುಟ್ಟಿತು. ಅವತ್ತೇ ಮುನಿವೆಂಕಟಮ್ಮನನ್ನು ಅಲ್ಲಿ ಸೇರಿಸಿಕೊಂಡರು.

ಇನ್ನುಳಿದದ್ದು ತಪ್ಪುಗಳ ಪುಸ್ತಕ. ಲ್ಯಾಬಿನಲ್ಲಿ ಏನೇ ಎಡವಟ್ಟಾದರೂ ಅದರಲ್ಲಿ ಬರೆಯಬೇಕು. ಮಾಹಿರಾ ಮಾಡಿದ್ದನ್ನು ಬಿಡದೆ ಬರೆದೆ, ಅವಳ ಸಹಿ ಹಾಕಿಸಿದೆ. ಅದರ ಕೆಳಗೆ ಇನ್ನೊಂದು ಬರೆದೆ: ದಾರಿ ಕೇಳಲು ಬಂದ ಕೆಲಸದವಳಿಗೆ ಪೇಷಂಟಿನ ನಿಜವಾದ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ನೋಂದಾಯಿಸಲು ಹೇಳಿದವಳು ಇನ್‌ಚಾರ್ಜ್ ಪ್ರೇಮಾ. ಸಹಿ ಹಾಕಿ ಡಾಕ್ಟರ ಮುಂದಿಟ್ಟೆ. ಕಾನೂನಿನ ಪ್ರಕಾರ ಇಬ್ಬರೂ ಮನೆಗೆ ಹೋಗಬೇಕು, ಒಬ್ಬಳನ್ನೇ ಕಳಿಸುವುದಾದರೆ ದೊಡ್ಡ ತಪ್ಪು ಮಾಡಿದವಳನ್ನು ಕಳಿಸಿ ಎಂದೆ. ಮಗನ ಓದು ಇನ್ನೂ ಮುಗಿದಿಲ್ಲ, ಐವತ್ನಾಲ್ಕರಲ್ಲಿ ನನಗೆ ಯಾರು ಕೆಲಸ ಕೊಡುತ್ತಾರೆ? ಹತ್ತು ಬಾಗಿಲು ತಟ್ಟುವುದು ಎಂದರೇನು ಎಂದು ಅವತ್ತು ಮೊದಲ ಸಲ ಅಂದಾಜಾಯಿತು.

ಡಾಕ್ಟರ್ ಇಬ್ಬರನ್ನೂ ಕಳಿಸಲಿಲ್ಲ. ನಮ್ಮಿಬ್ಬರಿಗೂ ಲಿಖಿತ ಎಚ್ಚರಿಕೆ ಕೊಟ್ಟರು. ಮಾಹಿರಾಳ ಪರೀಕ್ಷೆಯ ಅವಧಿ ಇನ್ನು ಮೂರು ತಿಂಗಳು ಮುಂದಕ್ಕೆ ಹೋಯಿತು. ಅವಳು ಅದನ್ನು ಓದಿ ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಹಾಗಾದರೆ ಸಾಫ್ಟ್‌ವೇರ್‌ನವರಿಗೆ ಯಾವಾಗ ಫೋನ್ ಮಾಡೋಣ ಎಂದು ಕೇಳಿದಳು. ದಿನಾ ಕೇಳಿದಳು. ನಾಲ್ಕನೆಯ ದಿನ ಕೇದಾರ್ ಎಂಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಮಾಹಿರಾ ಅವನ ಪಕ್ಕದಲ್ಲೇ ಕೂತಳು. ಪರೀಕ್ಷೆಗಳನ್ನು ಒಂದೊಂದಾಗಿ ಹೇಳಿಸಿ, ಡಾಕ್ಟರ್ ಬರೆದುಕೊಟ್ಟದ್ದು ಯಾವುದೇ ಇರಲಿ, ಮೂರು ಖಾನೆಯವರಿಗೂ ತೆರೆಸಿದಳು. ‘ಇತರೆ’ ಎಂದರೂ ಪ್ರಿಂಟ್ ಬರುವಂತೆ ಮಾಡಿಸಿದಳು. ಹುಟ್ಟಿನಿಂದಲೇ ಗಂಡು ಹೆಣ್ಣು ಎಂದು ಖಚಿತವಾಗಿ ಹೇಳಲಾಗದ ಮೈಯವರೂ ಇರುತ್ತಾರೆ, ಅವರು ಕೌಂಟರಿನಲ್ಲಿ ನಿಂತು ವಿವರಣೆ ಕೊಡುವಂತಾಗಬಾರದು ಎಂದು ಅವನಿಗೆ ತಿಳಿಸಿ ಹೇಳಿದಳು. ಎಲ್ಲ ಮುಗಿಯಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಇಪ್ಪತ್ತು ನಿಮಿಷ. ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಮೇಡಂ, ಯಾರೂ ಕೇಳಿರಲಿಲ್ಲ ಎಂದ. ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಒಳಗೆ ಹೋಗಿ ಒಂದು ಲೋಟ ನೀರು ಕುಡಿದೆ.

ಮಾರ್ಚ್ ಹತ್ತಕ್ಕೆ ಮಾಹಿರಾ ಕಾಯಂ ಆದಳು. ಕಾಯುತ್ತಿದ್ದ ನಾಲ್ವರಲ್ಲಿ ಅಲಿಯಾ ಎಂಬುವವಳು ನಮ್ಮಲ್ಲೇ ಸೇರಿದ್ದಾಳೆ, ಇನ್ನೊಬ್ಬಳಿಗೆ ಕೆ.ಆರ್. ಪುರದ ಕಡೆ ಒಂದು ಕ್ಲಿನಿಕ್ಕಿನಲ್ಲಿ ಸಿಕ್ಕಿದೆ. ಉಳಿದ ಇಬ್ಬರಿಗಾಗಿ ಮಾಹಿರಾ ಭಾನುವಾರಗಳಲ್ಲಿ ಲ್ಯಾಬು ಲ್ಯಾಬು ಅಲೆಯುತ್ತಾಳೆ, ನನ್ನ ಹೆಸರಿನ ಒಂದು ಶಿಫಾರಸು ಪತ್ರ ಹಿಡಿದು.

ಮುನಿವೆಂಕಟಮ್ಮನಿಗೆ ಇದ್ದದ್ದು ಕ್ಯಾನ್ಸರೇ. ಬೇಗ ಸಿಕ್ಕಿದ್ದರಿಂದ ಔಷಧಕ್ಕೆ ಬಗ್ಗುತ್ತಿದೆ ಎನ್ನುತ್ತಾರೆ ಡಾಕ್ಟರು. ಹೋದ ವಾರ ಮತ್ತೆ ಪರೀಕ್ಷೆಗೆ ಬಂದಿದ್ದರು. ದಿವ್ಯ ಹೆಸರು ಕೂಗಿದಳು. ನೆಟ್ಟಗೆ ನಡೆದು ಬಂದು ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಮಾಹಿರಾ ಸೂಜಿ ಎತ್ತಲಿಲ್ಲ.

“ನಿಮ್ಮ ಹೆಸರು ಹೇಳಿ” ಎಂದಳು.

“ಏನೇ ಇದು, ನಂಗೆ ಹೆಸ್ರು ಕೇಳ್ತೀಯಾ? ನಿನಗೆ ಹೆಸರಿಟ್ಟೋಳು ನಾನು.”

“ಗೊತ್ತಮ್ಮ. ನೀವೇ ಹೇಳ್ಬೇಕು.”

ಮುನಿವೆಂಕಟಮ್ಮ ಬೆನ್ನು ನೆಟ್ಟಗೆ ಮಾಡಿ, ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಹೆಸರು ಹೇಳಿದರು. ಮಾಹಿರಾ ಒಂದೇ ಸಲಕ್ಕೆ ರಕ್ತ ತೆಗೆದು, ಅವರ ಎದುರಿಗೇ ಟ್ಯೂಬಿನ ಮೇಲೆ ಬರೆದಳು. ಅವರು ಅದನ್ನು ಅವಳ ಕೈಯಿಂದ ಇಸಿದುಕೊಂಡು, ಪಕ್ಕದಲ್ಲಿದ್ದ ನನ್ನ ಕಡೆ ಚಾಚಿದರು.

“ಏನ್ ಬರ್ದವ್ಳೆ, ಓದಿ ಹೇಳಿ ಪ್ರೇಮಮ್ಮ.”

ನಾನು ಕನ್ನಡಕ ಹಾಕಿಕೊಂಡು ಓದಿದೆ. “ಮುನಿವೆಂಕಟಮ್ಮ. ಅರವತ್ತಾರು ವರ್ಷ. ಹೆಣ್ಣು. ಪಿ.ಎಸ್.ಎ.”

“ಸರಿಯಾಗಿದೆ” ಎಂದು ಹೇಳಿ, ಟ್ಯೂಬನ್ನು ಅವರೇ ಸ್ಟ್ಯಾಂಡಿನಲ್ಲಿ ಇಟ್ಟರು.